ಹಡಗು ಹತ್ತುವ ಹಕ್ಕು ಯಾರದು?



ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಯಾವ ಊರಿನ ದೊಡ್ಡ ರಸ್ತೆಗೆ ಹೋದರೂ ಈಗ ಒಂದು ಬೋರ್ಡು ಕಣ್ಣಿಗೆ ಹೊಡೆಯುತ್ತದೆ. ವಿದೇಶದಲ್ಲಿ ಓದಿ ಅಂತ. ಅಮೆರಿಕ, ಇಂಗ್ಲೆಂಡು, ಜರ್ಮನಿ, ಆಸ್ಟ್ರೇಲಿಯಾ. ಕಪ್ಪು ಗೌನು ತೊಟ್ಟು ಟೋಪಿ ಮೇಲಕ್ಕೆ ಎಸೆಯುವ ಹುಡುಗ ಹುಡುಗಿಯರ ಚಿತ್ರ. ಆ ಬೋರ್ಡಿನ ಕೆಳಗೇ ನಡೆದು ನಮ್ಮ ಹುಡುಗರು ಹಾಸ್ಟೆಲ್ಲಿಗೆ ಹೋಗುತ್ತಾರೆ. ತಲೆ ಎತ್ತಿ ನೋಡಿದರೂ ಸಿನಿಮಾ ಪೋಸ್ಟರು ನೋಡಿದ ಹಾಗೆ ನೋಡುತ್ತಾರೆ. ಅದು ನಮಗಲ್ಲ ಅಂತ ಯಾರೂ ಹೇಳಿಕೊಟ್ಟಿಲ್ಲ. ಹೇಳಿಕೊಡದೇನೇ ಗೊತ್ತು. ಚಾ ಅಂಗಡಿಯ ಹೊರಗೆ ಇಟ್ಟಿರುವ ಲೋಟ ತಮ್ಮದು ಅಂತ ನಮ್ಮ ತಾತಂದಿರಿಗೂ ಹೀಗೇ ಗೊತ್ತಿತ್ತು.

ಈ ಸಂಚಿಕೆಯಲ್ಲಿ ನಾವು ಜಗಳ ತೆಗೆಯುವುದು ಈ 'ಗೊತ್ತು' ಎಂಬುದರ ಜೊತೆ.

ಕಡಲಿಗೂ ಜಾತಿಗೂ ಹಳೇ ನಂಟಿದೆ. ಕಡಲು ದಾಟಿದರೆ ಜಾತಿ ಕೆಡುತ್ತದೆ ಅಂತ ಬರೆದಿಟ್ಟವರು ಮೇಲಿನವರು. 1888ರಲ್ಲಿ ಮೋಹನದಾಸ ಗಾಂಧಿ ಬ್ಯಾರಿಸ್ಟರಿ ಓದಲು ಲಂಡನ್ನಿಗೆ ಹೊರಟಾಗ ಮುಂಬಯಿಯ ಅವರ ಜಾತಿಯ ಹಿರಿಯರು ಸಭೆ ಸೇರಿಸಿ ಅವರನ್ನು ಜಾತಿಯಿಂದ ಹೊರಗೆ ಹಾಕಿದರು. ಆಮೇಲೆ ಏನಾಯಿತು? ವಿಲಾಯಿತಿಗೆ ಹೋಗಿ ಬಂದವನಿಗೆ ದೊಡ್ಡ ಹುದ್ದೆ, ದೊಡ್ಡ ಸಂಬಳ ಸಿಗುವುದು ಕಂಡ ಮೇಲೆ ಶಾಸ್ತ್ರ ತಾನಾಗೇ ಮೆತ್ತಗಾಯಿತು. ಒಂದು ಪ್ರಾಯಶ್ಚಿತ್ತ ಮಾಡಿಸಿ ಒಳಗೆ ಕರೆದುಕೊಂಡರು. ಈಗ ಮಗ ಅಮೆರಿಕದಲ್ಲಿದ್ದಾನೆ ಎಂಬುದೇ ಮದುವೆ ಮಾರುಕಟ್ಟೆಯಲ್ಲಿ ಎಲ್ಲ ಗೋತ್ರಕ್ಕಿಂತ ಮೇಲಿನ ಗೋತ್ರ.

ನಮ್ಮವರು ಕಡಲು ದಾಟಲಿಲ್ಲವೆ? ದಾಟಿದರು ಸ್ವಾಮಿ. 1834ರಿಂದ ಮಾರಿಷಸ್ಸಿಗೆ, ಆಮೇಲೆ ಗಯಾನ, ಟ್ರಿನಿಡಾಡ್, ಫಿಜಿಯ ಕಬ್ಬಿನ ತೋಟಗಳಿಗೆ, ಇತ್ತ ಸಿಲೋನಿನ ಟೀ ತೋಟಗಳಿಗೆ ಹಡಗು ತುಂಬಿ ಕೂಲಿಗಳನ್ನು ಸಾಗಿಸಿದರಲ್ಲ, ಅದರಲ್ಲಿ ಅಸ್ಪೃಶ್ಯರು ಬೇಕಾದಷ್ಟು ಮಂದಿ ಇದ್ದರು. ಆಗ ಯಾವ ಶಾಸ್ತ್ರಿಯೂ ಬಂದು ಅಡ್ಡ ಮಲಗಲಿಲ್ಲ. ಕೆಡುವುದಕ್ಕೆ ನಮ್ಮ ಹತ್ತಿರ ಜಾತಿ ಇತ್ತೆ? ಬೆನ್ನ ಮೇಲೆ ಮೂಟೆ ಹೊತ್ತು ಹಡಗು ಹತ್ತುವುದಕ್ಕೆ ನಮಗೆ ಎಂದೂ ಬಾಗಿಲು ತೆರೆದೇ ಇತ್ತು. ಕಂಕುಳಲ್ಲಿ ಪುಸ್ತಕ ಇಟ್ಟುಕೊಂಡು ಹತ್ತುವಾಗ ಮಾತ್ರ ಬಾಗಿಲು ಸಣ್ಣದಾಯಿತು.

ಆ ಸಣ್ಣ ಬಾಗಿಲಲ್ಲಿ ತೂರಿದವರು ಬಾಬಾಸಾಹೇಬರು.

ಹಾಸ್ಟೆಲ್ಲಿನ ಗೋಡೆಯ ಮೇಲೆ ನೀಲಿ ಕೋಟಿನ ಅವರ ಪಟ ಇದೆ. ಏಪ್ರಿಲ್ 14ಕ್ಕೆ ಹಾರ ಹಾಕುತ್ತೇವೆ. ಆ ಕೋಟಿನ ಹಿಂದಿನ ಲೆಕ್ಕ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 1913ರ ಫೆಬ್ರವರಿಯಲ್ಲಿ ತಂದೆ ರಾಮ್‌ಜಿ ತೀರಿಕೊಂಡರು. ಅದೇ ವರ್ಷ ಬರೋಡಾದ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 11.5 ಪೌಂಡಿನಂತೆ 3 ವರ್ಷದ ವಿದ್ಯಾರ್ಥಿವೇತನ ಕೊಟ್ಟರು. ಪುಕ್ಕಟೆ ಅಲ್ಲ. ಓದಿ ಬಂದು 10 ವರ್ಷ ಬರೋಡಾ ಸಂಸ್ಥಾನದಲ್ಲಿ ಕೆಲಸ ಮಾಡುತ್ತೇನೆ ಅಂತ ಕರಾರಿಗೆ ರುಜು ಹಾಕಿಸಿಕೊಂಡರು. ಹಾಗೆ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಜಾನ್ ಡ್ಯೂಯಿ, ಸೆಲಿಗ್ಮನ್ ಅಂಥ ಮೇಷ್ಟರುಗಳ ಪಾಠ ಕೇಳಿದರು. 1915ರಲ್ಲಿ ಎಂ.ಎ. ಮುಗಿಸಿದರು. 1916ರ ಮೇ 9ರಂದು ಅಲ್ಲಿನ ಮಾನವಶಾಸ್ತ್ರದ ಒಂದು ಸೆಮಿನಾರಿನಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಆಗ ಅವರಿಗೆ 25 ವರ್ಷ. ನಮ್ಮ ಪಿ.ಜಿ. ಹಾಸ್ಟೆಲ್ಲುಗಳಲ್ಲಿ ಈಗ ಆ ವಯಸ್ಸಿನವರು ಎಷ್ಟು ಜನ ಇದ್ದೀರಿ, ಎಣಿಸಿಕೊಳ್ಳಿ.

ಅಲ್ಲಿಂದ ಲಂಡನ್ನಿಗೆ ಬಂದು ಸ್ಕೂಲ್ ಆಫ್ ಎಕನಾಮಿಕ್ಸ್ ಮತ್ತು ಗ್ರೇಸ್ ಇನ್ ಎರಡೂ ಕಡೆ ಸೇರಿಕೊಂಡರು. 1917ರಲ್ಲಿ ವಿದ್ಯಾರ್ಥಿವೇತನ ಮುಗಿಯಿತು, ಬಾ ಅಂದರು. ಓದು ಅರ್ಧಕ್ಕೆ ನಿಂತಿತು. ಪುಸ್ತಕ ಹೊತ್ತು ತರುತ್ತಿದ್ದ ಹಡಗು ಯುದ್ಧದಲ್ಲಿ ಮುಳುಗಿತು. ಕರಾರಿನಂತೆ ಬರೋಡಾಕ್ಕೆ ಕೆಲಸಕ್ಕೆ ಹೋದರೆ ಇಳಿದುಕೊಳ್ಳಲು ಒಂದು ಕೋಣೆ ಸಿಗಲಿಲ್ಲ. ಹೆಸರು ಮರೆಸಿ ಪಾರ್ಸಿ ಛತ್ರದಲ್ಲಿ ಉಳಿದರು. ಕೆಲವು ದಿನಕ್ಕೆ ಗುಟ್ಟು ರಟ್ಟಾಗಿ ದೊಣ್ಣೆ ಹಿಡಿದ ಗುಂಪು ಬಾಗಿಲಿಗೆ ಬಂತು. ಊರಿನ ಉದ್ಯಾನವನದಲ್ಲಿ ಕೂತು ಕಾದು ರೈಲು ಹತ್ತಿ ಮುಂಬಯಿಗೆ ವಾಪಸು ಹೋದರು. ಅಮೆರಿಕ, ಯೂರೋಪಿನಲ್ಲಿ ಇದ್ದ ಅಷ್ಟೂ ವರ್ಷ ತಾನು ಅಸ್ಪೃಶ್ಯ ಎನ್ನುವುದೇ ಮರೆತುಹೋಗಿತ್ತು ಅಂತ ಅವರೇ ಬರೆದುಕೊಂಡಿದ್ದಾರೆ. ಬರೋಡಾ ಜ್ಞಾಪಿಸಿತು.

ಅಲ್ಲಿಗೆ ಬಿಟ್ಟರೆ? ಬಿಡಲಿಲ್ಲ. ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿ ದುಡ್ಡು ಕೂಡಿಟ್ಟರು. ಕೊಲ್ಲಾಪುರದ ಶಾಹು ಮಹಾರಾಜರು ನೆರವಾದರು. ಪಾರ್ಸಿ ಗೆಳೆಯ ನವಲ್ ಭಾತೇನ ಸಾಲ ಕೊಟ್ಟರು. 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ಡಿ.ಎಸ್ಸಿ. ಮುಗಿಸಿದರು. ಇತ್ತ ಮುಂಬಯಿಯ ಚಾಳಿನಲ್ಲಿ ರಮಾಬಾಯಿ ಅರೆಹೊಟ್ಟೆಯಲ್ಲಿ ಸಂಸಾರ ತೂಗಿಸಿದರು. ಆ ಡಿಗ್ರಿಗಳಲ್ಲಿ ಆ ತಾಯಿಯ ಪಾಲೂ ಇದೆ.

ಇದನ್ನೆಲ್ಲ ಯಾಕೆ ಹೇಳುತ್ತೇವೆ ಅಂದರೆ, ಬಾಬಾಸಾಹೇಬರು ಮಹಾ ಬುದ್ಧಿವಂತರು, ಅದಕ್ಕೇ ಹೋದರು ಅಂತ ಹೇಳಿ ನಾವು ತಪ್ಪಿಸಿಕೊಳ್ಳುವುದು ಜಾಸ್ತಿಯಾಗಿದೆ. ಬುದ್ಧಿ ಇತ್ತು, ನಿಜ. ಹಡಗಿನ ಟಿಕೇಟಿಗೆ ಬುದ್ಧಿ ಸಾಲದು. ಒಂದು ವಿದ್ಯಾರ್ಥಿವೇತನ, ಒಂದು ಸಾಲ, ಇಬ್ಬರು ರಾಜರು, ಒಬ್ಬ ಗೆಳೆಯ, ಮನೆಯಲ್ಲಿ ಹಸಿದ ಒಬ್ಬ ಹೆಂಗಸು, ಇಷ್ಟು ಸೇರಿದ ಮೇಲೆ ಆ ಬುದ್ಧಿಗೆ ದಾರಿಯಾಯಿತು. ಕೇರಳದ ಉಳವೂರಿನ ಬಡ ಮನೆಯ ಕೆ. ಆರ್. ನಾರಾಯಣನ್ 1945ರಲ್ಲಿ ಟಾಟಾ ವಿದ್ಯಾರ್ಥಿವೇತನದಲ್ಲಿ ಲಂಡನ್ನಿಗೆ ಹೋಗಿ ಹೆರಾಲ್ಡ್ ಲಾಸ್ಕಿಯವರ ಶಿಷ್ಯರಾದರು. 1997ರಲ್ಲಿ ರಾಷ್ಟ್ರಪತಿಯಾದರು. ಅಲ್ಲೂ ಅದೇ ಕಥೆ. ದಾರಿ ಸಿಕ್ಕ ಇಬ್ಬರ ಹೆಸರು ನಮಗೆ ಗೊತ್ತು. ದಾರಿ ಸಿಗದೆ ಹೊಲದಲ್ಲಿ, ಕಲ್ಲುಕ್ವಾರಿಯಲ್ಲಿ, ಚರಂಡಿಯಲ್ಲಿ ಮುಗಿದುಹೋದ ಬುದ್ಧಿಗಳಿಗೆ ಹೆಸರಿಲ್ಲ.

ಈಗ ರಾಜರಿಲ್ಲ, ಸರ್ಕಾರ ಇದೆ. ಕೇಂದ್ರ ಸರ್ಕಾರ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಷಿಪ್ ಅಂತ 1954-55ರಿಂದಲೇ ನಡೆಸುತ್ತಿದೆ. ಎಂ.ಎ., ಎಂ.ಎಸ್. ಮಟ್ಟದ ಓದಿಗೂ ಪಿಎಚ್.ಡಿ.ಗೂ ಸಿಗುತ್ತದೆ. ಮನೆಯ ವರಮಾನ ವರ್ಷಕ್ಕೆ 8 ಲಕ್ಷದ ಒಳಗಿರಬೇಕು, ವಯಸ್ಸು 35 ದಾಟಿರಬಾರದು, ಹಿಂದಿನ ಪರೀಕ್ಷೆಯಲ್ಲಿ ನೂರಕ್ಕೆ 60 ಬಂದಿರಬೇಕು. ಇಡೀ ದೇಶಕ್ಕೆ ವರ್ಷಕ್ಕೆ 125 ಸೀಟು. ಅದರಲ್ಲಿ ಪರಿಶಿಷ್ಟ ಜಾತಿಗೆ 115, ಅಲೆಮಾರಿ ಮತ್ತು ವಿಮುಕ್ತ ಬುಡಕಟ್ಟುಗಳಿಗೆ 6, ಭೂಹೀನ ಕೂಲಿಗಳು ಮತ್ತು ಕುಶಲಕರ್ಮಿಗಳ ಮಕ್ಕಳಿಗೆ 4. ಪರಿಶಿಷ್ಟ ಪಂಗಡಕ್ಕೆ ಬೇರೆ ಯೋಜನೆ, ಅದರಲ್ಲಿ 20. 2011ರ ಜನಗಣತಿಯಲ್ಲೇ ಪರಿಶಿಷ್ಟ ಜಾತಿಯವರು 20 ಕೋಟಿ ಇದ್ದೆವು. 20 ಕೋಟಿಗೆ 115 ಮಂದಿ. ಒಂದು ಕೆಂಪು ಬಸ್ಸಿಗೆ ಹತ್ತಿಸಿ ನಿಲ್ಲಿಸಿದರೆ ಎರಡು ಟ್ರಿಪ್ಪಿಗೆ ಮುಗಿದುಹೋಗುವ ಜನ.

ಆ 115ಕ್ಕೂ ಏನು ಮಾಡಿದರು ನೋಡಿ. 2022ರಲ್ಲಿ ನಿಯಮಕ್ಕೆ ಒಂದು ಕಲಮು ಸೇರಿಸಿದರು. ಭಾರತದ ಸಂಸ್ಕೃತಿ, ಪರಂಪರೆ, ಚರಿತ್ರೆ, ಭಾರತದ ಸಮಾಜ, ಈ ವಿಷಯಗಳ ಮೇಲೆ ಹೊರದೇಶದಲ್ಲಿ ಸಂಶೋಧನೆ ಮಾಡುವವರಿಗೆ ದುಡ್ಡಿಲ್ಲ. ಈ ಕಲಮು 1913ರಲ್ಲಿ ಇದ್ದಿದ್ದರೆ? ಭಾರತದ ಜಾತಿಗಳ ಬಗ್ಗೆ ಕೊಲಂಬಿಯಾದಲ್ಲಿ ಪ್ರಬಂಧ ಓದಿದ ಹುಡುಗನ ಅರ್ಜಿಯನ್ನು ಈ ಕಚೇರಿಯ ಗುಮಾಸ್ತ ಕಸದ ಬುಟ್ಟಿಗೆ ಹಾಕುತ್ತಿದ್ದ. ಭಾರತದ ಬಗ್ಗೆ ಭಾರತದಲ್ಲೇ ಓದಬಹುದಲ್ಲ ಅಂತ ಇವರ ಸಮಜಾಯಿಷಿ. ನಮ್ಮ ಅಪ್ಪ ಅವ್ವಂದಿರ ಬದುಕನ್ನು ನಾವು ಯಾವ ಊರಿನಲ್ಲಿ ಕೂತು, ಯಾವ ಲೈಬ್ರರಿಯಲ್ಲಿ, ಯಾವ ಭಾಷೆಯಲ್ಲಿ ಬರೆಯಬೇಕು ಅಂತ ತೀರ್ಮಾನ ಮಾಡುವವರು ಇವರು ಯಾರು? ದಲಿತರ ಹುಡುಗ ಕಂಪ್ಯೂಟರ್ ಓದಿ ಬಂದರೆ ಇವರಿಗೆ ಭಯವಿಲ್ಲ. ಮನುವನ್ನು ಓದಿ, ದೇವಸ್ಥಾನದ ಶಾಸನ ಓದಿ, ಜಮೀನಿನ ದಾಖಲೆ ಓದಿ ಬಂದರೆ ಭಯ.

ಇನ್ನೊಂದು. 2025ರ ಜುಲೈನಲ್ಲಿ 106 ಮಂದಿ ಆಯ್ಕೆಯಾಗಿದ್ದರು. ಅವರಲ್ಲಿ ಮೊದಲು ಮಂಜೂರಾತಿ ಪತ್ರ ಸಿಕ್ಕಿದ್ದು 40 ಮಂದಿಗೆ. ಮಿಕ್ಕ 66 ಮಂದಿಗೆ, ಹಣ ಒದಗಿದರೆ ಕೊಡುತ್ತೇವೆ ಎಂಬ ಉತ್ತರ. ಹೊರದೇಶದ ಕಾಲೇಜು ಸೆಪ್ಟೆಂಬರಿಗೆ ಬಾಗಿಲು ತೆರೆಯುತ್ತದೆ. ಜುಲೈನಲ್ಲಿ ಆಯ್ಕೆಯಾದವನಿಗೆ ಹಣ ಬಂದರೆ ನೋಡೋಣ ಅಂದರೆ ಅವನು ವೀಸಾ ಕಛೇರಿಗೆ ಯಾವ ಮುಖ ಇಟ್ಟುಕೊಂಡು ಹೋಗಬೇಕು? ಕೆಲಸ ಬಿಟ್ಟವರು, ಕೇರಿಗೆಲ್ಲ ಸಿಹಿ ಹಂಚಿದವರು ಅವರಲ್ಲಿ ಇರುವುದಿಲ್ಲವೆ? 1917ರಲ್ಲಿ ಅರ್ಧಕ್ಕೆ ಕರೆಸಿಕೊಂಡರು. 2025ರಲ್ಲಿ ಹೊಸಿಲಿನಲ್ಲೇ ನಿಲ್ಲಿಸಿದರು.

ನಮ್ಮ ರಾಜ್ಯದಲ್ಲೂ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಎಂಬ ಯೋಜನೆ ಇದೆ, ಪರಿಶಿಷ್ಟ ಜಾತಿ, ಪಂಗಡದ ಮಕ್ಕಳ ಹೊರದೇಶದ ಓದಿಗೆ. ಇದು ಎಷ್ಟು ಹಾಸ್ಟೆಲ್ಲುಗಳ ನೋಟೀಸು ಬೋರ್ಡಿಗೆ ಬಂದಿದೆ? ಊಟದ ಮೆನು ಬರುತ್ತದೆ, ರಜೆಯ ಸುತ್ತೋಲೆ ಬರುತ್ತದೆ, ಇದು ಯಾಕೆ ಬರುವುದಿಲ್ಲ? ಕೊಡದೆ ಇರುವುದು ಒಂದು ಬಗೆಯ ಅನ್ಯಾಯ. ಕೊಟ್ಟೂ ಹೇಳದೆ ಇರುವುದು ಇನ್ನೊಂದು ಬಗೆ.

ಸರಿ, ಹೇಳಿದರು ಅಂತಲೇ ಇಟ್ಟುಕೊಳ್ಳೋಣ. ಅರ್ಜಿ ಹಾಕುವುದಕ್ಕೆ ಮುಂಚೆಯೇ ದುಡ್ಡು ಬೇಕು. ಪಾಸ್‌ಪೋರ್ಟಿಗೆ 1,500. ಇಂಗ್ಲಿಷ್ ಬರುತ್ತದೆ ಅಂತ ತೋರಿಸುವ ಐಇಎಲ್‌ಟಿಎಸ್ ಪರೀಕ್ಷೆಗೆ 18,000ದ ಆಸುಪಾಸು. ಅಮೆರಿಕದ ಕೆಲವು ಕೋರ್ಸಿಗೆ ಕೇಳುವ ಜಿಆರ್‌ಇಗೆ ಅದಕ್ಕೂ ಹೆಚ್ಚು. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 370 ರೂಪಾಯಿ. ಅಂದರೆ ಒಂದು ಇಂಗ್ಲಿಷ್ ಪರೀಕ್ಷೆಗೆ ನಮ್ಮ ಅವ್ವ 48 ದಿನ ಮಣ್ಣು ಹೊತ್ತರೂ ಸಾಲದು. ಇದರ ಮೇಲೆ ಒಂದೊಂದು ವಿಶ್ವವಿದ್ಯಾಲಯದ ಅರ್ಜಿ ಶುಲ್ಕ. ಅಮೆರಿಕದ ವೀಸಾಕ್ಕೆ ಮುಂಚೆ ಕಟ್ಟುವ ಸೆವಿಸ್ ಶುಲ್ಕ 350 ಡಾಲರು. ಬ್ರಿಟನ್ನಿಗಾದರೆ ಆಸ್ಪತ್ರೆ ಶುಲ್ಕ ಅಂತ 2024ರಿಂದ ವರ್ಷಕ್ಕೆ 776 ಪೌಂಡು. ಇದರಲ್ಲಿ ಕೆಲವು ವಿದ್ಯಾರ್ಥಿವೇತನದಿಂದ ಆಮೇಲೆ ವಾಪಸು ಬರಬಹುದು. ಮೊದಲು ಕಟ್ಟುವ ಕೈ ಯಾವುದು?

ಬ್ಯಾಂಕಿಗೆ ಹೋಗಿ ಅನ್ನುತ್ತಾರೆ. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ ಆಸ್ತಿ ಅಡವು ಕೇಳುತ್ತಾರೆ. ಸೈಟು ಇದೆಯೆ, ಮನೆ ಇದೆಯೆ, ತೋಟ ಇದೆಯೆ? ನಮ್ಮಪ್ಪನ ಹೆಸರಲ್ಲಿ ಇರುವುದು ಒಂದು ರೇಷನ್ ಕಾರ್ಡು. ಬ್ರಿಟನ್ನಿನ ವೀಸಾಕ್ಕೆ ತೋರಿಸುವ ಹಣ 28 ದಿನ ಕದಲದೆ ಬ್ಯಾಂಕಿನಲ್ಲಿ ಕೂತಿರಬೇಕು. ನಮ್ಮ ಮನೆಗಳಲ್ಲಿ 28 ದಿನ ಕೂತಿದ್ದ ಹಣವನ್ನು ಯಾರು ಕಂಡಿದ್ದೀರಿ? ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಫೀಜು ಇಲ್ಲ. ಇದು ನಮ್ಮ ಹುಡುಗರು ತಿಳಿಯಲೇಬೇಕಾದ ಮಾತು. ಅಲ್ಲೂ ಒಂದು ವರ್ಷದ ಖರ್ಚು ಅಂತ ಮುಂಗಡವಾಗಿ ಖಾತೆಯಲ್ಲಿ ಕಟ್ಟಿಡಬೇಕು. 2024ರ ಸೆಪ್ಟೆಂಬರಿನಲ್ಲಿ ಅದನ್ನು 11,904 ಯೂರೋಗೆ ಏರಿಸಿದರು. ಪ್ರತಿಭೆ ಪ್ರತಿಭೆ ಅಂತ ಬಾಯಿ ಬಡಿದುಕೊಳ್ಳುವವರು ಈ ಪಟ್ಟಿಯನ್ನು ಒಮ್ಮೆ ಓದಲಿ. ಇದರಲ್ಲಿ ಪ್ರತಿಭೆಗೆ ಇಟ್ಟ ಪರೀಕ್ಷೆ ಎಷ್ಟು, ಅಪ್ಪನ ಆಸ್ತಿಗೆ ಇಟ್ಟ ಪರೀಕ್ಷೆ ಎಷ್ಟು?

ಇನ್ನು ಇಂಗ್ಲಿಷಿನ ಮಾತು. 1973ರಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ, ಇಂಗ್ಲಿಷ್ ಕಲಿಯಿರಿ ಅಂದಾಗ ರಾಜ್ಯವೇ ಹೊತ್ತಿಕೊಂಡಿತು. ಏಟು ತಿಂದವರು ಹಾಸ್ಟೆಲ್ಲಿನ ಹುಡುಗರು. ಅವರ ಮಂತ್ರಿ ಪದವಿ ಹೋಯಿತು. ಬೀದಿಗಿಳಿದು ಇಂಗ್ಲಿಷನ್ನು ಬೈದವರಲ್ಲಿ ಎಷ್ಟು ಮನೆಯ ಮಕ್ಕಳು ಕಾನ್ವೆಂಟಿಗೆ ಹೋದರು, ಎಷ್ಟು ಮೊಮ್ಮಕ್ಕಳು ಅಮೆರಿಕಕ್ಕೆ ಹೋದರು ಅಂತ ಲೆಕ್ಕ ಹಾಕುವುದು ಕಷ್ಟವಲ್ಲ. ನಮಗೆ ಕನ್ನಡ ಅವ್ವನ ಮಾತು. ನಾವು ಅಳುವುದು, ಬೈಯುವುದು, ಪದ ಕಟ್ಟುವುದು ಅದರಲ್ಲೇ. ಇಂಗ್ಲಿಷು ಬೀಗದ ಕೈ. ಬೀಗದ ಕೈಯನ್ನು ಯಾರೂ ಪೂಜೆ ಮಾಡಬೇಕಾಗಿಲ್ಲ. ಕಿಸೆಯಲ್ಲಿ ಇಲ್ಲದಿದ್ದರೆ ಮಾತ್ರ ಹೊರಗೇ ನಿಲ್ಲಬೇಕಾಗುತ್ತದೆ.

ಹೊರದೇಶ ಅಂದರೆ ಸ್ವರ್ಗ ಅಂತ ನಾವು ಹೇಳುತ್ತಿಲ್ಲ. ಅಲ್ಲಿ ಬಣ್ಣದ ಭೇದ ಇದೆ. ಅದರ ಜೊತೆ ನಮ್ಮವರು ಅನ್ನಿಸಿಕೊಂಡವರು ಉಪ್ಪಿನಕಾಯಿ ಬಾಟಲಿಯ ಜೊತೆ ಜಾತಿಯನ್ನೂ ಸೂಟ್‌ಕೇಸಿನಲ್ಲಿ ಕಟ್ಟಿಕೊಂಡು ಹೋಗಿದ್ದಾರೆ. ಪೂರ್ತಿ ಹೆಸರೇನು, ಮನೆ ಕಡೆ ಏನು ಊಟ, ಅಪ್ಪ ಏನು ಮಾಡುತ್ತಾರೆ ಅಂತ ಶುರುವಾಗುವ ವಿಚಾರಣೆ ಅಲ್ಲೂ ಶುರುವಾಗುತ್ತದೆ. ಇದು ನಮ್ಮ ಕಲ್ಪನೆ ಅಂತ ಯಾರಾದರೂ ಅಂದರೆ ಇಷ್ಟು ಹೇಳಿ. ಜಾತಿ ಅಲ್ಲಿ ಇಲ್ಲದಿದ್ದರೆ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯ 2019ರಲ್ಲಿ ಜಾತಿ ತಾರತಮ್ಯ ಕೂಡದು ಅಂತ ನಿಯಮ ಯಾಕೆ ಬರೆಯಿತು? 2022ರಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ತನ್ನ ಎಲ್ಲ ಕ್ಯಾಂಪಸ್ಸುಗಳಿಗೂ ಯಾಕೆ ಬರೆಯಿತು? 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಯಾಕೆ ಕಾನೂನು ಮಾಡಿತು? ಈ ನಿಯಮಗಳು ಆಕಾಶದಿಂದ ಉದುರಲಿಲ್ಲ. ಅಲ್ಲಿಗೆ ಓದಲು, ದುಡಿಯಲು ಹೋದ ನಮ್ಮ ಹುಡುಗ ಹುಡುಗಿಯರು ಹೆಸರು ಮರೆಸಿ ಬದುಕುವುದನ್ನು ಬಿಟ್ಟು ಎದ್ದು ನಿಂತು ಮಾತಾಡಿದ್ದರಿಂದ ಬಂದವು. ಎಲ್ಲ ಕಡೆ ಗೆದ್ದಿಲ್ಲ. ಇಡೀ ಕ್ಯಾಲಿಫೋರ್ನಿಯಾಕ್ಕೆ ಅಂಥದೇ ಕಾನೂನು ತರುವ ಮಸೂದೆಯನ್ನು 2023ರ ಅಕ್ಟೋಬರಿನಲ್ಲಿ ಅಲ್ಲಿನ ಗವರ್ನರು ತಡೆದರು. ಬ್ರಿಟನ್ ಸರ್ಕಾರ ಜಾತಿಯನ್ನು ಸಮಾನತೆಯ ಕಾಯಿದೆಗೆ ನೇರವಾಗಿ ಸೇರಿಸುವುದಿಲ್ಲ ಅಂತ 2018ರಲ್ಲಿ ಕೈತೊಳೆದುಕೊಂಡಿತು. ಜಗಳ ನಡೆಯುತ್ತಿದೆ.

ನಮ್ಮೊಳಗಿನ ಎರಡು ಮಾತಿಗೂ ಉತ್ತರ ಕೊಡಬೇಕು. ಒಂದು, ಹತ್ತನೇ ಕ್ಲಾಸೇ ದಾಟದ ಮಕ್ಕಳು ಕೇರಿ ತುಂಬ ಇರುವಾಗ ವಿಲಾಯಿತಿ ಮಾತು ಯಾಕೆ ಅಂತ. ಕೇಳುವವರ ಕಳಕಳಿ ನಮಗೆ ಅರ್ಥವಾಗುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಕೇಳಿ ಅಂತ ಮೇಲಿನವರಿಗೆ ಯಾರಾದರೂ ಹೇಳಿದ್ದಾರೆಯೆ? ಅವರ ಮಕ್ಕಳಿಗೆ ಬಾಲವಾಡಿಯೂ ಬೇಕು, ಆಕ್ಸ್‌ಫರ್ಡೂ ಬೇಕು. ನಮಗೆ ಮಾತ್ರ ಯಾಕೆ ಅಳತೆ? ಕೊನೆಯ ಮೆಟ್ಟಿಲು ಕಣ್ಣಿಗೆ ಕಂಡರೆ ಮೊದಲ ಮೆಟ್ಟಿಲು ಹತ್ತುವ ಮಗುವಿಗೂ ಕಾಲಿಗೆ ಬಲ ಬರುತ್ತದೆ.

ಎರಡು, ಹೋದವರು ಮರೆಯುತ್ತಾರೆ, ಕೇರಿಗೆ ವಾಪಸು ಬರುವುದಿಲ್ಲ ಅಂತ. ಇದರಲ್ಲಿ ಸತ್ಯ ಇದೆ. ಮರೆಯುವವರು ವಿಮಾನ ಹತ್ತಲೇಬೇಕು ಅಂತಿಲ್ಲ. ಬೆಂಗಳೂರಿನ ಬಸ್ಸು ಹತ್ತಿದ ಕೂಡಲೇ ಮರೆತವರನ್ನು ನಾವೆಲ್ಲ ಬಲ್ಲೆವು. ಹೋಗುವವನನ್ನು ಚಳುವಳಿ ಕಳಿಸಿಕೊಟ್ಟರೆ ಅವನಿಗೆ ಋಣ ಇರುತ್ತದೆ. ಏಜೆಂಟು ಕಳಿಸಿಕೊಟ್ಟರೆ ಏಜೆಂಟಿನ ಋಣ ಮಾತ್ರ ಇರುತ್ತದೆ. ಆದ್ದರಿಂದ ಈ ಕೆಲಸ ಚಳುವಳಿಯದು.

ಏನು ಮಾಡಬೇಕು? ಭಾಷಣ ಸಾಕು, ಕೆಲಸ ಹೇಳುತ್ತೇವೆ.

ಪ್ರತಿ ಹಾಸ್ಟೆಲ್ಲಿನಲ್ಲಿ ಒಂದು ಹಲಗೆ ಇಡಿ. ಕೇಂದ್ರದ ವಿದ್ಯಾರ್ಥಿವೇತನ, ಪ್ರಬುದ್ಧ, ಜಾತಿ ನೋಡದೆ ಕೊಡುವ ಫುಲ್‌ಬ್ರೈಟ್, ಕಾಮನ್‌ವೆಲ್ತ್, ಚೀವನಿಂಗ್, ಇರಾಸ್ಮಸ್ ಮುಂಡಸ್, ಇವುಗಳ ಆಯಾ ವರ್ಷದ ಪ್ರಕಟಣೆ ಬಂದ ದಿನವೇ ಹಲಗೆಯ ಮೇಲೆ ಬರೆಯಿರಿ. ಚೀವನಿಂಗಿಗೆ 2 ವರ್ಷದ ಕೆಲಸದ ಅನುಭವ ಕೇಳುತ್ತಾರೆ. ಇಂಥದು ಮೊದಲೇ ಗೊತ್ತಿದ್ದರೆ ಓದು ಮುಗಿಸಿದ ಹುಡುಗ ಸುಮ್ಮನೆ ಕೂರುವುದಿಲ್ಲ. ನಿಯಮ ವರ್ಷ ವರ್ಷ ಬದಲಾಗುತ್ತದೆ. ಹಳೇ ಮಾತು ನಂಬಬೇಡಿ, ಆ ವರ್ಷದ್ದನ್ನೇ ಓದಿ.

ಡಿಗ್ರಿಯ ಕೊನೇ ವರ್ಷದಲ್ಲೇ ಪಾಸ್‌ಪೋರ್ಟ್ ಮಾಡಿಸಿಕೊಳ್ಳಿ. ಜಾತಿ, ವರಮಾನದ ಸರ್ಟಿಫಿಕೇಟು, ಅಂಕಪಟ್ಟಿಗಳನ್ನು ಒಂದು ಫೈಲಿನಲ್ಲಿ ಇಡಿ. ಹೆಸರಿನ ಅಕ್ಷರ ಎಲ್ಲ ಕಡೆ ಒಂದೇ ಥರ ಇದೆಯೆ ನೋಡಿ. ಒಂದಕ್ಷರದ ತಪ್ಪಿಗೆ ಒಂದು ವರ್ಷ ಹಾಳಾಗಬಾರದು. ಶಿಫಾರಸು ಪತ್ರ ಬರೆದುಕೊಡುವ ಮೇಷ್ಟರು ಯಾರು ಅಂತ ಈಗಲೇ ಹುಡುಕಿಕೊಳ್ಳಿ. ಹಿಂದಿನ ಬೆಂಚಿನಲ್ಲಿ ಕೂತು ಹೆಸರೇ ಗೊತ್ತಿಲ್ಲದೆ ಹೊರಬಂದರೆ ಯಾರು ಬರೆಯುತ್ತಾರೆ? ಮುಂದೆ ಕೂರಿ, ಪ್ರಶ್ನೆ ಕೇಳಿ. ಊಟವಾದ ಮೇಲೆ ದಿನಕ್ಕೆ ಒಂದು ಗಂಟೆ ಇಂಗ್ಲಿಷು. ತಪ್ಪು ಮಾತಾಡಿದವನನ್ನು ನೋಡಿ ನಗುವವನು ಆ ದಿನ ಎಲ್ಲರ ತಟ್ಟೆ ತೊಳೆಯಲಿ.

ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಈ ಸುದ್ದಿ ಮೊದಲು ಹೋಗಬೇಕು. ಕೇಂದ್ರದ ಯೋಜನೆಯಲ್ಲಿ ನೂರಕ್ಕೆ 30 ಹೆಣ್ಣುಮಕ್ಕಳಿಗೆ ಅಂತ ಇದೆ. ಮನೆಯಲ್ಲಿ ಗಂಡು ಹುಡುಕುವ ಮುಂಚೆ ಅರ್ಜಿ ಹಾಕಿಸಿ. ಅಪ್ಪ ಅವ್ವನ ಜೊತೆ ಮಾತಾಡಲು ಬೇಕಾದರೆ ನಮ್ಮ ಸಂಗಾತಿಗಳು ನಾಲ್ಕು ಜನ ಊರಿಗೇ ಬರುತ್ತಾರೆ. ಈಗಾಗಲೇ ಹೊರದೇಶದಲ್ಲಿ ಓದುತ್ತಿರುವ ಅಣ್ಣ ಅಕ್ಕಂದಿರಿಗೆ ಒಂದೇ ಮಾತು. ವರ್ಷಕ್ಕೆ ಒಬ್ಬರ ಅರ್ಜಿ ತಿದ್ದಿ ಕೊಡಿ. ಹಾರ ತುರಾಯಿ ಬೇಡ, ಅದು ಸಾಕು.

ಸರ್ಕಾರದ ಮುಂದೆ ನಮ್ಮ ಬೇಡಿಕೆ ಇವು. ಪರೀಕ್ಷೆ, ಅರ್ಜಿ, ವೀಸಾ ಖರ್ಚನ್ನು ಮುಂಗಡವಾಗಿ ಕೊಡಬೇಕು. ಆಯ್ಕೆಯಾದ ಯಾರಿಗೂ ಹಣವಿಲ್ಲ ಎಂಬ ಮಾತು ಹೇಳಕೂಡದು. ಬಜೆಟ್ಟಿನಲ್ಲೇ ತೆಗೆದಿಡಬೇಕು. ಹೊರದೇಶದ ಕಾಲೇಜುಗಳ ಕ್ಯಾಲೆಂಡರಿಗೆ ಸರಿಯಾಗಿ ಅರ್ಜಿ ಕರೆದು ಪತ್ರ ಕೊಡಬೇಕು. ಭಾರತದ ಸಮಾಜ, ಚರಿತ್ರೆ ಓದಬಾರದು ಎಂಬ ಕಲಮು ಯಾವ ವರ್ಷದ ನಿಯಮದಲ್ಲೂ ಇರಕೂಡದು. 125 ಎಂಬ ಸಂಖ್ಯೆ ಏರಬೇಕು. ಜಿಲ್ಲೆಗೊಂದು ಹಾಸ್ಟೆಲ್ಲಿನಲ್ಲಾದರೂ ಈ ಪರೀಕ್ಷೆಗಳ ತರಬೇತಿ ನಡೆಯಬೇಕು.

ಭಿಕ್ಷೆ ಕೇಳುತ್ತಿದ್ದೇವೆ ಅಂತ ಯಾರೂ ತಿಳಿಯಬೇಡಿ. ಈ ದೇಶದ ರಸ್ತೆ, ಅಣೆಕಟ್ಟು, ವಿಮಾನ ನಿಲ್ದಾಣಕ್ಕೆ ಕಲ್ಲು ಮಣ್ಣು ಹೊತ್ತವರು ನಮ್ಮವರು. ರನ್‌ವೇಗೆ ಜಲ್ಲಿ ಹಾಸಿದವಳ ಮಗಳು ಅದೇ ರನ್‌ವೇ ಮೇಲಿಂದ ಹಾರುವುದಕ್ಕೆ ಟಿಕೇಟು ಕೇಳುತ್ತಿದ್ದಾಳೆ. ಅವಳ ಅವ್ವನ ಕೂಲಿಯ ಬಾಕಿ ಅದು.

ಮುಂದಿನ ಸಭೆಗೆ ಬರುವಾಗ ನಿಮ್ಮ ಹಾಸ್ಟೆಲ್ಲಿನಿಂದ ಒಂದು ಪಟ್ಟಿ ತನ್ನಿ. ಯಾರು ಯಾರು ಡಿಗ್ರಿ ಮುಗಿಸುತ್ತಿದ್ದಾರೆ, ಏನು ಓದಬೇಕು ಅಂತಿದ್ದಾರೆ, ಯಾರ ಹತ್ತಿರ ಪಾಸ್‌ಪೋರ್ಟ್ ಇದೆ, ಯಾರ ಹತ್ತಿರ ಇಲ್ಲ. ಕೆಲಸ ಅಲ್ಲಿಂದ ಶುರು.

ಜೈ ಭೀಮ್.